ಶಿವಗಂಗಮ್ಮನ ಅರ್ಧ ಗೋಪುರ

ನ್ಯೂಜೆರ್ಸಿಯ ಸಮರ್‌ಸೆಟ್‌ನಲ್ಲಿ ಆ ಕಾಲಕ್ಕೆ ಕರ್ನಾಟಕದವರ ಮನೆ ಯಾವುದು ಅಂತ ಗೊತ್ತಾಗಬೇಕಾದ್ರೆ ಬಾಗಿಲ ಮೇಲಿನ ಹೆಸರು ನೋಡಬೇಕಾಗಿರಲಿಲ್ಲ. ಅಡುಗೆಮನೆ ಮೂಲೆಯಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ ಗುಂಯ್ ಅಂತ ಕೂತಿದ್ರೆ ಮುಗೀತು, ನಮ್ಮೋರೇ. ಅಮೆರಿಕದ ಗೋಡೆಯೊಳಗೆ ಬರೋದು ನೂರಾಹತ್ತು ವೋಲ್ಟು, ಊರಿಂದ ಹೊತ್ತು ತಂದ ಮಿಕ್ಸಿ ಕೇಳೋದು ಇನ್ನೂರಿಪ್ಪತ್ತು. ಇವರಿಬ್ಬರ ಮಧ್ಯೆ ಆ ಟ್ರಾನ್ಸ್‌ಫಾರ್ಮರ್ ಕೂತು ರಾಜಿ ಮಾಡಿಸಬೇಕು. ಎಮ್ಮೆಕರುವಿನಷ್ಟು ಭಾರ. ಯಾರೋ ಅದನ್ನ ಮೂರನೇ ಮಹಡಿಗೆ ಹೊತ್ತು ಇಳಿಸಿದಾಗ ಇಡೀ ಕಟ್ಟಡ ಎರಡು ಇಂಚು ಕೆಳಗೆ ಕೂತಿತಂತೆ. ನೋಡಿದೋರು ಇನ್ನೂ ಇದಾರೆ, ಬೇಕಾದ್ರೆ ಕೇಳಿ.

ಶಿವಗಂಗಮ್ಮನ ಮನೆ ಟ್ರಾನ್ಸ್‌ಫಾರ್ಮರಿಗೆ ಮಾತ್ರ ಇಬ್ಬರು ಗಿರಾಕಿ. ಒಂದು ಮಿಕ್ಸಿ, ಅದು ಗಂಡ ನಾಗಲಿಂಗಪ್ಪನವರದು. ಇನ್ನೊಂದು ಕಂಪ್ಯೂಟರ್, ಅದು ಶಿವಗಂಗಮ್ಮನದು. ಹೌದು, ಉಲ್ಟಾ ಹೇಳ್ತಿಲ್ಲ. ಆ ಮನೆಯಲ್ಲಿ ಹಾಗೇ.

ಶಿವಗಂಗಮ್ಮ ಧಾರವಾಡದಲ್ಲಿ ಹೆಣ್ಣುಮಕ್ಕಳ ಹೈಸ್ಕೂಲಿನ ಗಣಿತದ ಟೀಚರು. ಎಂಬತ್ತರ ದಶಕದಲ್ಲಿ ಸರ್ಕಾರ ಅವರ ಶಾಲೆಗೊಂದು ಬಿಬಿಸಿ ಮೈಕ್ರೋ ಕಳಿಸಿತ್ತು. ಇಂಗ್ಲೆಂಡಿನವರ ಕಂಪ್ಯೂಟರ್ ಅದು. ಕೀಬೋರ್ಡೂ ಮಿದುಳೂ ಒಂದೇ ಡಬ್ಬಿಯೊಳಗೆ, ಪ್ರೋಗ್ರಾಮು ಹಾಡಿನ ಕ್ಯಾಸೆಟ್ಟಿನಲ್ಲಿ. ಹೆಡ್‌ಮಿಸ್ಟ್ರೆಸ್ಸು ಅದಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆದು, ಧೂಳಾದೀತು ಅಂತ ಬೀರುವಿನಲ್ಲಿಟ್ಟು ಬೀಗ ಜಡಿದರು. ಶಿವಗಂಗಮ್ಮ "ಒಂದ್ಸಲ ಒರಸಿ ಇಡ್ತೀನ್ರಿ" ಅಂತ ಕೀಲಿ ಇಸ್ಕೊಂಡರು. ಕೀಲಿ ಆಮೇಲೆ ವಾಪಸ್ ಹೋಗಲಿಲ್ಲ. ಶಾಲೆಯ ಹಳೇ ಸಾಮಾನು ಹರಾಜಾದಾಗ ಮುರಿದ ಬೆಂಚಿಗೆ ಪೈಪೋಟಿ ನಡೀತು, ಗ್ಲೋಬಿಗೆ ನಡೀತು, ಕಂಪ್ಯೂಟರಿಗೆ ಇವರೊಬ್ಬರೇ ಕೂಗಿದ್ದು.

ಮಗಳು ಸ್ಮಿತಾ ಮ್ಯಾನ್‌ಹಟನ್‌ನಲ್ಲಿ ಡಾಕ್ಟರು. ಅಪ್ಪ ಅಮ್ಮನಿಗೆ ಗ್ರೀನ್ ಕಾರ್ಡ್ ಮಾಡಿಸಿ ಕರೆಸಿಕೊಂಡಳು. ಆದರೆ ಅವಳ ಅಪಾರ್ಟ್‌ಮೆಂಟ್ ಎಷ್ಟು ಚಿಕ್ಕದು ಅಂದ್ರೆ ಫ್ರಿಜ್ ಬಾಗಿಲು ತೆಗೀಬೇಕಾದ್ರೆ ಅಳಿಯ ಗುರು ಹೊರಗೆ ಹೋಗಿ ನಿಲ್ಲಬೇಕು. ಅದಕ್ಕೇ ಇವರಿಗೆ ಸಮರ್‌ಸೆಟ್‌ನಲ್ಲಿ ಮನೆ. ಏರ್‌ಪೋರ್ಟಿನ ಕಸ್ಟಮ್ಸ್‌ನವನು ಹೊದೆಯೋ ಕೌದಿಯೊಳಗಿಂದ ಮಿಕ್ಸಿ ತೆಗೆದ, ಸೀರೆಗಳ ನಡುವಿಂದ ಕಂಪ್ಯೂಟರ್ ತೆಗೆದ, ಆಮೇಲೆ ಮಾನಿಟರ್ ತೆಗೆದ. ಇನ್ನೂ ತೆಗೆದ್ರೆ ಒಳಗಿಂದ ಪೋಸ್ಟ್‌ಮ್ಯಾನ್ ಬಂದಾನು ಅಂತ ಹೆದರಿ ಹೋಗಿ ಹೋಗಿ ಅಂದನಂತೆ.

ಆ ಕಂಪ್ಯೂಟರಿನಲ್ಲಿ ಅವರು ಮಾಡ್ತಿದ್ದಿದ್ದು ಕಸೂತಿ.

ಕಸೂತಿ ಅಂದ್ರೆ ಬಟ್ಟೆಯ ಎಳೆ ಎಣಿಸಿ ಹೊಲಿಯೋದು. ಅದರಲ್ಲೂ ಗವಂತಿ ಹೊಲಿಗೆಯ ಕಾಯಿದೆ ಬಹಳ ಬಿಗಿ. ದಾರಕ್ಕೆ ಗಂಟು ಹಾಕೋ ಹಾಗಿಲ್ಲ. ಹೋಗ್ತಾ ಒಂದು ಬಿಟ್ಟು ಒಂದು ಹೊಲಿದು, ಬರ್ತಾ ಬಿಟ್ಟ ಜಾಗ ತುಂಬಿಕೊಂಡು, ಹೊರಟ ತೂತಿಗೇ ವಾಪಸ್ ಬರಬೇಕು. ಸೀರೆ ಹಿಂದೆ ಮುಂದೆ ಒಂದೇ ಥರ ಕಾಣಬೇಕು. ಶಿವಗಂಗಮ್ಮನ ತಾಯಿ ಆ ದಾರಿಯನ್ನೆಲ್ಲ ತಲೆಯಲ್ಲೇ ಹುಡುಕ್ತಿದ್ದರು. ಶಿವಗಂಗಮ್ಮ ಗಣಿತದ ಟೀಚರ್, ತಲೆಯನ್ನ ನಂಬೋರಲ್ಲ. ಚಿತ್ರ ಹಾಕಿದರೆ ದಾರ ಎಲ್ಲಿಂದ ಹೊರಟು ಹೇಗೆ ತಿರುಗಿ ಬರಬೇಕು ಅಂತ ಹುಡುಕಿಕೊಡೋ ಪ್ರೋಗ್ರಾಮು ಬರೆದಿಟ್ಟಿದ್ದರು.

ಸಾವಿರದ ಒಂಬೈನೂರ ತೊಂಬತ್ತೊಂಬತ್ತು. ಸ್ಮಿತಾ ಬಸುರಿ. ಏಳನೇ ತಿಂಗಳಿಗೆ ಕುಬಸ, ಅಂದ್ರೆ ನಮ್ಮ ಕಡೆಯ ಸೀಮಂತ. ಕುಬಸಕ್ಕೆ ತವರಿನವರು ಕೊಡಬೇಕಾದ್ದು ಕಪ್ಪು ಚಂದ್ರಕಾಳಿ ಸೀರೆ, ಅದರ ಮೇಲೆ ಕಸೂತಿ. ಕೊಂಡು ತಂದ ಕಸೂತಿ ಉಡಿಸೋದಿಲ್ಲ ಅಂತ ಶಿವಗಂಗಮ್ಮನ ಹಟ. ಸೆರಗಿನ ತುಂಬ ಒಂದೇ ಗೋಪುರ, ಬುಡದಲ್ಲಿ ಆನೆ, ಕಳಸದ ಪಕ್ಕ ನವಿಲು. ಕೀಬೋರ್ಡು ಕುಟ್ಟಿ ಕುಟ್ಟಿ ಗೋಪುರ ಅರ್ಧ ಏಳಿಸಿದರು. ಕಂಪ್ಯೂಟರ್ "ನೋ ರೂಮ್" ಅಂತು.

"ಏನಂತೈತಿ ನಿನ್ನ ಡಬ್ಬಿ?" ಅಂದರು ನಾಗಲಿಂಗಪ್ಪ.

"ಜಾಗ ಇಲ್ಲಂತ್ರಿ."

"ಮಗಳ ಮನ್ಯಾಗೂ ಇಲ್ಲ, ಇದರಾಗೂ ಇಲ್ಲ. ಈ ದೇಶಕ್ಕ ಯಾಕ ಬಂದ್ವಿ ನಾವು?"

ಶಿವಗಂಗಮ್ಮ ಚಿತ್ರವನ್ನ ಅರ್ಧರ್ಧ ಮಾಡಿ ನೋಡಿದರು. ಕೆಳಗಿನ ಅರ್ಧದ ದಾರ ಸರಿ, ಮೇಲಿನ ಅರ್ಧದ ದಾರವೂ ಸರಿ, ಜೋಡಿಸಿದರೆ ನಡುವಿನಲ್ಲಿ ಹೊಂದೋದಿಲ್ಲ. ಗಂಟು ಹಾಕಬೇಕಾಗ್ತದೆ. ಗಂಟು ಹಾಕಿದ ಸೀರೆ ಮಗಳಿಗೆ ಉಡಿಸೋ ಬದಲು ಗೋಣಿಚೀಲ ಉಡಿಸ್ತೀನಿ ಅಂದರು.

ಅವರಿದ್ದ ಅಪಾರ್ಟ್‌ಮೆಂಟ್ ಕಾಂಪ್ಲೆಕ್ಸಿನಲ್ಲೇ ಶ್ರೀನಿ ಅಂತ ಮೈಸೂರಿನವನು. ಪಕ್ಕದ ಊರು ಪಿಸ್ಕಾಟವೇಯ ಒಂದು ಟೆಲಿಫೋನ್ ಕಂಪನಿಯಲ್ಲಿ ವೈಟೂಕೆ ಕೆಲಸ. ಎರಡಂಕಿಯ ವರ್ಷವನ್ನ ನಾಲ್ಕಂಕಿ ಮಾಡೋದು, ಬೆಳಿಗ್ಗೆಯಿಂದ ಸಂಜೆವರೆಗೂ ಅದೇ. ಅವನು ಬಂದು ಡಬ್ಬಿ ನೋಡಿ, ಮ್ಯೂಸಿಯಮ್ಮಿಗೆ ಬಂದವನ ಹಾಗೆ ಕೈಕಟ್ಟಿ ನಿಂತ.

"ಆಂಟಿ, ಇದನ್ನ ಬಿಟ್ಹಾಕಿ. ಒಂದು ಪೆಂಟಿಯಂ ತಗೊಂಡ್ಬಿಡಿ."

"ನಿನ್ನ ಪೆಂಟಿಯಂ ನನ್ನ ಕ್ಯಾಸೆಟ್ ಓದತೈತೇನು?"

"ಇಲ್ಲ."

"ನನ್ನ ಪ್ರೋಗ್ರಾಮ್ ನಡಸತೈತೇನು?"

"ನಾನು ಬೇಕಾದ್ರೆ ಹೊಸದಾಗಿ ಬರೆದುಕೊಡ್ತೀನಿ. ಈ ಇಸವಿಗಳ ಕೆಲಸ ಮುಗೀಲಿ, ಜನವರಿಗೆ."

"ಜನವರಿಗೆ ಕೂಸು ತೊಟ್ಟಿಲದಾಗ ಇರತೈತಪ್ಪ."

ಶ್ರೀನಿ ಪಾಪ, ಒಳ್ಳೇ ಹುಡುಗ. ಭಾನುವಾರ ಅವರನ್ನ ಕಾರಿನಲ್ಲಿ ಕೂರಿಸಿಕೊಂಡು ಹಳೇ ಕಂಪ್ಯೂಟರ್‌ಗಳ ಸಂತೆಗೆ ಡ್ರೈವ್ ಮಾಡಿದ. ಒಂದು ಕಾಲೇಜಿನ ಪಾರ್ಕಿಂಗ್ ಲಾಟ್. ಕಾರಿನ ಡಿಕ್ಕಿ ತೆಗೆದಿಟ್ಟುಕೊಂಡು ಬಿಳಿಗಡ್ಡದವರು ಸಾಲಾಗಿ ಕೂತಿದ್ದಾರೆ, ಬದನೆಕಾಯಿ ಗುಡ್ಡೆ ಹಾಕಿದ ಹಾಗೆ ಕಂಪ್ಯೂಟರ್ ಚಿಪ್ಪುಗಳ ಗುಡ್ಡೆ. ಒಬ್ಬನ ಹತ್ತಿರ ಇಂಗ್ಲೆಂಡಿನ ಸಾಮಾನು. ಬಿಬಿಸಿಗೆ ಮೆಮೊರಿ ಹೆಚ್ಚಿಸೋ ಬೋರ್ಡು ಇದೆ ಅಂದ. ಆದರೆ ಕೈಗೆ ಕೊಡ್ಲಿಲ್ಲ.

"ಎಲ್ಲ ಮಶೀನಿಗೂ ಇದು ಕೂರಲ್ಲ, ಮ್ಯಾಡಮ್. ನಿಮ್ಮದು ಯಾವ ಮಾಡೆಲ್? ಒಳಗಿನ ಬೋರ್ಡಿನ ಮೇಲೆ ಯಾವ ಇಶ್ಯೂ ನಂಬರ್ ಇದೆ? ತೆಗೆದು ನೋಡಿದವರು ಯಾರಾದ್ರೂ ಇದ್ದಾರಾ?" ಅಂತ ಶ್ರೀನಿ ಮುಖ ನೋಡಿ ಕೇಳಿದ.

ಶ್ರೀನಿ ಆಕಾಶ ನೋಡಿದ. ಶಿವಗಂಗಮ್ಮ "ಮಾಡೆಲ್ ಬಿ. ಇಶ್ಯೂ ಸೆವೆನ್. ಪ್ರೊಸೆಸರ್ ಸಾಕೆಟ್‌ನಲ್ಲಿದೆ, ಬೆಸುಗೆ ಹಾಕಿಲ್ಲ" ಅಂತ ಅಚ್ಚ ಟೀಚರ್ ಇಂಗ್ಲಿಷಿನಲ್ಲಿ ಹೇಳಿದರು. ಗಡ್ಡದವನು ಟೋಪಿ ತೆಗೆದು ಬೋರ್ಡು ಕೈಗಿಟ್ಟ.

ಮನೆಗೆ ಬಂದು ಶಿವಗಂಗಮ್ಮ ಡಬ್ಬಿ ಬಿಚ್ಚಿ, ಪ್ರೊಸೆಸರ್ ಕಿತ್ತು, ಆ ಜಾಗದಲ್ಲಿ ಬೋರ್ಡು ಕೂರಿಸಿ, ಬೋರ್ಡಿನ ಮೇಲೆ ಪ್ರೊಸೆಸರ್ ಕೂರಿಸಿದರು. ಕೀಳುವಾಗ ಪ್ರೊಸೆಸರಿನ ಒಂದು ಲೋಹದ ಕಾಲು ಸೊಟ್ಟಗಾಯ್ತು. ಕಸೂತಿ ಸೂಜಿಯಲ್ಲೇ ನೆಟ್ಟಗೆ ಮಾಡಿದರು. ಸ್ವಿಚ್ ಹಾಕಿದರೆ ಪೂರ್ತಿ ಗೋಪುರ, ಬುಡದಿಂದ ಕಳಸದವರೆಗೆ, ಪರದೆ ಮೇಲೆ ಎದ್ದು ನಿಂತಿತು. ನಾಗಲಿಂಗಪ್ಪ ಅಭ್ಯಾಸಬಲದಿಂದ ಕೈಮುಗಿದರು.

ಇನ್ನು ದಾರದ ದಾರಿ ಹುಡುಕಬೇಕು. ಇಷ್ಟು ದೊಡ್ಡ ಚಿತ್ರಕ್ಕೆ ಮಧ್ಯಾಹ್ನವೆಲ್ಲ ಹಿಡೀತದೆ. ಪ್ರೋಗ್ರಾಮು ಓಡಿಸಿ ಶಿವಗಂಗಮ್ಮ ವಾಕಿಂಗ್ ಹೋದರು. ಬಂದು ನೋಡಿದರೆ ಗೋಪುರ ಇಲ್ಲ, ದಾರಿ ಇಲ್ಲ. ಈಗಷ್ಟೇ ಸ್ವಿಚ್ ಹಾಕಿದ ಹಾಗೆ ಪರದೆಯ ಮೇಲೆ ಕಂಪ್ಯೂಟರಿನ ಹೆಸರು ಮಾತ್ರ. ಮಾರನೇ ದಿನವೂ ಅದೇ. ಅದರ ಮಾರನೇ ದಿನವೂ.

ಸಂಜೆ ಶ್ರೀನಿ ಬಂದು ಕೂತರೆ ಡಬ್ಬಿ ಹಸುವಿನ ಹಾಗೆ ಸಾಧು. ಅವನು ಬೋರ್ಡಿನ ಕಾಲುಗಳನ್ನ ಪೆನ್ಸಿಲ್ ರಬ್ಬರಿನಲ್ಲಿ ಉಜ್ಜಿದ, ಚಿಪ್ಪು ಒತ್ತಿದ, ಬಿಸಿಯಾಗ್ತಿರಬಹುದು ಅಂತ ಟೇಬಲ್ ಫ್ಯಾನ್ ಇಟ್ಟ. ಅವನೆದುರಿಗೆ ಒಂದೇ ಒಂದು ಸಲ ಸಾಯಲಿಲ್ಲ. ಅವನು ಹೋದ ಮೇಲೆ, ಮಾರನೇ ಮಧ್ಯಾಹ್ನ, ಮತ್ತೆ ಸತ್ತಿತು.

"ಈ ಬೋರ್ಡು ನಿಮ್ಮ ಮಶೀನಿಗೆ ಹೊಂದ್ಕೊಳ್ತಿಲ್ಲ ಆಂಟಿ. ಕಂಪ್ಯಾಟಿಬಲ್ ಅಲ್ಲ. ವಾಪಸ್ ಕೊಟ್ಟುಬಿಡೋಣ."

ವಾಪಸ್ ಕೊಟ್ಟರೆ ಮತ್ತೆ ಅರ್ಧ ಗೋಪುರ. ಸೀರೆ ಮಂಚದ ಮೇಲೆ ಬರೀ ಕಪ್ಪಗೆ ಬಿದ್ದಿದೆ. ಹೊಲಿಯೋಕೆ ಕಡಿಮೆ ಅಂದ್ರೂ ಒಂದೂವರೆ ತಿಂಗಳು ಬೇಕು, ಕುಬಸಕ್ಕೆ ಉಳಿದಿರೋದು ಎರಡು.

ಶಿವಗಂಗಮ್ಮ ಗಂಡನನ್ನ ಕೇಳಿದರು: "ಕರೆಂಟಿಂದೇನರ ಇರಬಹುದೇನ್ರಿ?"

ಇದೊಂದು ಪ್ರಶ್ನೆ ಕೇಳಬಾರದಾಗಿತ್ತು. ನಾಗಲಿಂಗಪ್ಪನವರು ಕರೆಂಟ್ ಇಲಾಖೆ ಕೆಇಬಿಯಲ್ಲಿ ಸೆಕ್ಷನ್ ಆಫೀಸರಾಗಿ ರಿಟೈರಾದೋರು. ಇಡೀ ಸರ್ವೀಸಿನಲ್ಲಿ ಅವರು ಗಿರಾಕಿಗಳಿಗೆ ಹೇಳಿದ್ದು ಒಂದೇ ಮಾತು. ಒಂದು ಸಲ ಲೈಟು ಕಂಬ ಮುರಿದು ಒಬ್ಬನ ಅಂಗಳದಲ್ಲೇ ಬಿದ್ದಿತ್ತಂತೆ. ಅವನು ಕಂಬದ ಮೇಲೆ ಕೂತು ಫೋನ್ ಮಾಡಿದಾಗಲೂ ಇವರು ಹೇಳಿದ್ದು ಅದೇ. ಈಗಲೂ ಕುರ್ಚಿಯಲ್ಲಿ ನೆಟ್ಟಗಾದರು.

"ಕರೆಂಟಿಂದೇನೂ ತಪ್ಪಿಲ್ಲ. ನಿಮ್ಮ ಒಳಗಿನ ವೈರಿಂಗ್ ನೋಡ್ಕೋರಿ."

"ನಿಮ್ಮ ಅಂದ್ರ? ಮನಿ ಇಬ್ಬರದೂ ಹೌದಲ್ರಿ?"

"ನಾನು ಆಫೀಸಿನ ಮಾತು ಹೇಳಿದೆ."

ಹೇಳಿ ಮತ್ತೆ ಶೇಂಗಾ ಹುರಿಯೋಕೆ ಹೋದರು. ಕುಬಸಕ್ಕೆ ಬರೋರಿಗೆಲ್ಲ ಶೇಂಗಾ ಚಟ್ನಿಪುಡಿ ಅವರ ಜವಾಬ್ದಾರಿ, ದಿನಾ ಒಂದೊಂದು ಡಬ್ಬಿ. ಆ ಪುಡಿಯ ಘಾಟಿಗೆ ರಾರಿಟನ್ ಹೊಳೆಯ ಆಚೆ ದಂಡೆಯ ಬಾತುಕೋಳಿಗಳು ಸೀನುತ್ತಿದ್ದವು ಅಂತಾರೆ.

ಶಿವಗಂಗಮ್ಮ ಬರೀ ಸೀರೆ ಮುಂದೆ ಕೂತು, ಪರೀಕ್ಷೆಯಲ್ಲಿ ಉತ್ತರ ತಾಳೆಯಾಗದಿದ್ದಾಗ ಹುಡುಗಿಯರಿಗೆ ಹೇಳಿಕೊಡ್ತಿದ್ದ ಹಾಗೆ ಲೆಕ್ಕ ಹಾಕಿದರು. ನಾನು ಎದುರಿಗಿದ್ದಾಗ ಸಾಯೋದಿಲ್ಲ. ಶ್ರೀನಿ ಇದ್ದಾಗ ಸಾಯೋದಿಲ್ಲ. ನಾವಿಬ್ಬರೂ ಇಲ್ಲದಾಗ ಸಾಯ್ತದೆ. ಹಾಗಾದ್ರೆ ನಾವಿಲ್ಲದಾಗ ಈ ಮನೆಯಲ್ಲಿ ಏನು ನಡೀತದೆ?

ಶಿವಗಂಗಮ್ಮನಿಗೆ ಮಿಕ್ಸಿ ಸದ್ದಿಗೆ ತಲೆ ನೋಯ್ತದೆ. ಅದಕ್ಕೇ ನಾಗಲಿಂಗಪ್ಪ ದಿನಾ "ಮಿಕ್ಸಿ ಹಾಕ್ತೀನಿ" ಅಂತ ಮೊದಲೇ ಹೇಳೋರು, ಇವರು ಎದ್ದು ವಾಕಿಂಗ್ ಹೋಗೋರು. ಸದ್ದಿಗೆ ಮನೆಗೆ ಬಂದವರ ಮಾತು ಕೇಳಿಸೋದಿಲ್ಲ ಅಂತ ಶ್ರೀನಿ ಇದ್ದಾಗ ಮಿಕ್ಸಿ ಹಾಕ್ತಾನೇ ಇರಲಿಲ್ಲ. ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟೂ ಕೊಟ್ಟೂ ಕಂಪ್ಯೂಟರನ್ನ ಕೊಲ್ತಿದ್ದರು.

ಮಾರನೇ ದಿನ ಪ್ರೋಗ್ರಾಮು ಓಡ್ತಿದೆ. ನಾಗಲಿಂಗಪ್ಪ ಮಿಕ್ಸಿ ಜಾರು ಹಿಡಿದು ನಿಂತರು.

"ಮಿಕ್ಸಿ ಹಾಕ್ತೀನಿ. ವಾಕಿಂಗ್ ಹೋಗೂದಿಲ್ಲೇನು?"

"ಇಲ್ಲ. ಹಾಕ್ರಿ."

"ತಲಿ ನೋಯತೈತಿ ಅಂತಿದ್ದಿ?"

"ನೋಯಲಿ. ಹಾಕ್ರಿ ನೀವು."

ಮಿಕ್ಸಿ ಗರ್ರ್ ಅಂತು. ಗೋಪುರ ಒಂದು ಸಲ ನಡುಗಿ ಮಾಯ. ಕಂಪ್ಯೂಟರ್ ಬೀಪ್ ಅಂದು ತನ್ನ ಹೆಸರು ಬರಕೊಂಡು ಕೂತಿತು.

ಮಿಕ್ಸಿ ನಿಂತಿತು. ನಾಗಲಿಂಗಪ್ಪ ಜಾರು ಕೆಳಗಿಟ್ಟು, ಕನ್ನಡಕ ಹಾಕ್ಕೊಂಡು, ನೆಲಕ್ಕೆ ಬಗ್ಗಿ ಟ್ರಾನ್ಸ್‌ಫಾರ್ಮರಿನ ಮೇಲಿನ ತಗಡು ಓದಿದರು. ಬಹಳ ಹೊತ್ತು ಓದಿದರು, ಅಲ್ಲಿದ್ದದ್ದು ಎರಡೇ ಸಾಲು.

"ಮೊದಲೂ ಮಿಕ್ಸಿ ಹಾಕ್ತಿದ್ದೆ. ಆವಾಗ ಸಾಯ್ತಿರಲಿಲ್ಲ" ಅಂದರು.

"ಆವಾಗ ಬೋರ್ಡು ಇರಲಿಲ್ರಿ. ಈಗ ಅದಕ್ಕೂ ಒಂದೀಟು ಕರೆಂಟ್ ಬೇಕು. ಮಿಕ್ಸಿ ಶುರುವಾದ ಕೂಡ್ಲೆ ವೋಲ್ಟೇಜು ಕುಸೀತೈತಿ, ತಡಕೊಳ್ಳೂದಿಲ್ಲ. ಬೋರ್ಡು ಡಬ್ಬಿಗೆ ಹೊಂದೈತಿ. ಹೊಂದದಿರೂದು ಡಬ್ಬಿಗೂ ನಿಮ್ಮ ಚಟ್ನಿಗೂ."

ನಾಗಲಿಂಗಪ್ಪ ಎದ್ದು ನಿಂತರು. "ಗ್ರಾಹಕರು ಮಂಜೂರಾದ ಲೋಡ್ ಮೀರಿ ಬಳಸ್ಯಾರ" ಅಂತ ತೀರ್ಪು ಕೊಟ್ಟರು.

"ಯಾವ ಗ್ರಾಹಕರು? ಮಿಕ್ಸಿ ಯಾರದು?"

ಅದಕ್ಕೂ ಕೆಇಬಿಯಲ್ಲಿ ಒಂದು ಉಪಾಯ ಇತ್ತು. ಅಲ್ಲೇ ನಿಂತು ಘೋಷಿಸಿದರು: ಇವತ್ತಿನಿಂದ ಊಟವಾದ ಮೇಲೆ ದೀಪ ಹಚ್ಚೋವರೆಗೂ ಮಿಕ್ಸಿಗೆ ಲೋಡ್ ಶೆಡ್ಡಿಂಗ್. ಇಂಥದ್ದು ಅಮೆರಿಕದಲ್ಲಿ ಬೇರೆ ಯಾರ ಮನೆಯಲ್ಲೂ ಆವರೆಗೆ ಆಗಿರಲಿಕ್ಕಿಲ್ಲ. ಹುರಿದ ಶೇಂಗಾ, ಬೆಳ್ಳುಳ್ಳಿ, ಜಾರು ಎಲ್ಲ ಚೀಲಕ್ಕೆ ತುಂಬಿಕೊಂಡು ಶ್ರೀನಿ ಮನೆಗೆ ಹೊರಟರು. ಅವನ ಹತ್ತಿರವೂ ಒಂದು ಟ್ರಾನ್ಸ್‌ಫಾರ್ಮರ್, ಒಂದು ಮಿಕ್ಸಿ, ಅವನಮ್ಮ ಕಳಿಸಿದ್ದು, ಪ್ಲಾಸ್ಟಿಕ್ ಕೂಡ ಬಿಚ್ಚಿರಲಿಲ್ಲ. ಬೀಗದ ಕೈ ಮೊದಲೇ ಇವರ ಹತ್ತಿರ ಕೊಟ್ಟಿದ್ದ. ಆ ವಾರ ಶ್ರೀನಿಯ ಅಂಗಿಗಳಿಗೆಲ್ಲ ಬೆಳ್ಳುಳ್ಳಿ ವಾಸನೆ ಹತ್ತಿ, ಪಿಸ್ಕಾಟವೇ ಆಫೀಸಿನಲ್ಲಿ ಮೀಟಿಂಗ್‌ಗೆ ಕೂತೋರಿಗೆಲ್ಲ ಹಸಿವಾಗಿ, ಕಂಪನಿಯ ಇತಿಹಾಸದಲ್ಲೇ ಮೊದಲ ಸಲ ಮೀಟಿಂಗ್‌ಗಳು ಬೇಗ ಮುಗಿದವಂತೆ.

ಇತ್ತ ದೀಪ ಹಚ್ಚೋ ಹೊತ್ತಿಗೆ ಪ್ರೋಗ್ರಾಮು ಮುಗೀತು. ದಾರ ಆನೆಯ ಕಾಲಿನಿಂದ ಹೊರಟು, ಗೋಪುರ ಹತ್ತಿ, ಕಳಸ ಸುತ್ತಿ, ನವಿಲಿನ ಬಾಲದಲ್ಲಿ ಇಳಿದು, ಅದೇ ಕಾಲಿಗೆ ಬಂದು ನಿಂತಿತು. ಶಿವಗಂಗಮ್ಮ ಸೂಜಿಗೆ ದಾರ ಪೋಣಿಸಿದರು. ದಿನಾ ಹೊಲಿದರು, ಕುಬಸದ ಬೆಳಿಗ್ಗೆ ಕೂಡ ನವಿಲಿನ ಬಾಲ ಒಂದಿಷ್ಟು ಬಾಕಿ ಇತ್ತು. ಸ್ಮಿತಾ ಸ್ನಾನಕ್ಕೆ ಹೋಗಿ ಬರೋದರೊಳಗೆ ಅದೂ ಮುಗೀತು.

ಸಮರ್‌ಸೆಟ್‌ನ ಕ್ಲಬ್‌ಹೌಸಿನಲ್ಲಿ ಹೆಂಗಸರೆಲ್ಲ ಸುತ್ತುವರಿದು ಸ್ಮಿತಾಳ ಸೆರಗನ್ನ ತಿರುಗಿಸಿ ತಿರುಗಿಸಿ ನೋಡಿದರು. ಹುಬ್ಬಳ್ಳಿಯ ಕಾಶಿಬಾಯಿ ಅನ್ನೋರು ಗಂಟು ಹುಡುಕೋದರಲ್ಲಿ ಪಳಗಿದವರು. ಕನ್ನಡಕ ಏರಿಸಿ, ಇಳಿಸಿ, ಹಿಂದುಮುಂದು ಎರಡೂ ನೋಡಿ, "ಯಾವುದು ಒಳಗಿನದು, ಯಾವುದು ಹೊರಗಿನದು ತಿಳೀವಲ್ದು ನೋಡವಾ" ಅಂದರು. ಶಿವಗಂಗಮ್ಮನಿಗೆ ಅಷ್ಟು ಸಾಕಾಗಿತ್ತು.

"ಎಲ್ಲ ಆ ಮೆಮೊರಿ ಬೋರ್ಡಿನ ಮಹಿಮೆ" ಅಂದ ಶ್ರೀನಿ. "ನಾನು ಕಂಪ್ಯಾಟಿಬಲ್ ಅಲ್ಲ ಅಂತ ವಾಪಸ್ ಕೊಡಿಸ್ತಿದ್ದೆ. ಕೊನೆಗೆ ನೋಡಿದ್ರೆ ವೋಲ್ಟೇಜ್ ಪ್ರಾಬ್ಲಮ್."

ನಾಗಲಿಂಗಪ್ಪ ಎಲೆಗಳಿಗೆ ಚಟ್ನಿಪುಡಿ ಬಡಿಸ್ತಾ ಬರ್ತಿದ್ದರು. ಚಮಚ ಎತ್ತಿ ಹಿಡಿದು ನಿಂತರು.

"ವೋಲ್ಟೇಜಿಂದೇನೂ ತಪ್ಪಿರಲಿಲ್ಲಪ್ಪ" ಅಂದರು.

ಶಿವಗಂಗಮ್ಮ ತಲೆ ಎತ್ತದೇ ತಮ್ಮ ಎಲೆಯ ಮೂಲೆ ತೋರಿಸಿದರು. "ಇಲ್ಲಿ ಸಪ್ಲೈ ಬಂದಿಲ್ರಿ, ಸೆಕ್ಷನ್ ಆಫೀಸರ ಸಾಹೇಬ್ರ."

ಅಲ್ಲಿಗೆ ಎರಡು ಚಮಚ ಬಿತ್ತು.