ಅಕ್ಕನ ಮುಖಕ್ಕೆ ಎರಡು ಲೆನ್ಸು

ಬೆಟಗೇರಿಯಿಂದ ಮುಂಡರಗಿಗೆ ಹೋಗುವವರು ಲಕ್ಷ್ಮೇಶ್ವರ ಸುತ್ತಿಕೊಂಡು ಹೋಗುವುದಿಲ್ಲ. ನಾನು ಹೋದೆ. ನನ್ನ ಕ್ಯಾಮೆರಾದ ಹಳೆಯ ಲೆನ್ಸು ಅಲ್ಲಿ ಗಡಿಯಾರ ರಿಪೇರಿ ಮಾಡುವ ದಾದಾಪೀರ್ ಅವರ ಹತ್ತಿರ ಇತ್ತು. ಮುಂಡರಗಿಯಲ್ಲಿ ನನ್ನ ಅಕ್ಕ ಹಾಸಿಗೆ ಹಿಡಿದಿದ್ದಳು. ಹೊಟ್ಟೆಯ ಕ್ಯಾನ್ಸರ್. ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದುಬಿಟ್ಟಿದ್ದರು. "ನಾ ಹೋದಮ್ಯಾಲೆ ಗ್ವಾಡಿಗೆ ಹಾಕಾಕ ಒಂದು ಫೋಟೋ ತಗಿ ತಮ್ಮಾ. ಆದ್ರ ಅದ್ರಾಗ ಬ್ಯಾನಿ ಕಾಣಬಾರ್ದು ನೋಡು," ಎಂದು ಫೋನಿನಲ್ಲಿ ಹೇಳಿದ್ದಳು. ಮೊಬೈಲಿನಲ್ಲಿ ತೆಗೆದದ್ದನ್ನು, ಮಾರಿಗೆ ಸುಣ್ಣ ಬಳದಂಗ ಆಗೈತಿ ಎಂದು ಅಳಿಸಿಹಾಕಿಸಿದ್ದಳಂತೆ.

ಏಳೂವರೆಯ ಬಸ್ಸು ಎಂಟೂಕಾಲಿಗೆ ಬಂತು. ಕಂಡಕ್ಟರನ ಮೇಲೆ ಹರಿಹಾಯ್ದೆ. ಪಾಪ, ಅವನದೇನೂ ತಪ್ಪಿರಲಿಲ್ಲ. ಧೂಳು ಕುಡಿಯುತ್ತ ಲಕ್ಷ್ಮೇಶ್ವರ ಮುಟ್ಟಿದಾಗ ಹತ್ತಾಗಿತ್ತು.

ದಾದಾಪೀರ್ ಲೆನ್ಸಿನೊಳಗಿನ ಬೂಷ್ಟು ತೆಗೆದು ಇಟ್ಟಿದ್ದರು. ನನ್ನ ಎರಡು ಲೆನ್ಸುಗಳಿಂದ ಹಿಂದೊಮ್ಮೆ ತೆಗೆದ ಅವರದೇ ಎರಡು ಫೋಟೋ ಚೀಲದಲ್ಲಿದ್ದವು. ಅಕ್ಕನಿಗೆ ತೋರಿಸಲು ಒಯ್ಯುತ್ತಿದ್ದೆ. ಹೊಸ ಲೆನ್ಸಿನಲ್ಲಿ ಎಂಟು ಗಾಜು, ಒಂದೊಂದಕ್ಕೂ ಪ್ರತಿಫಲನ ತಡೆಯುವ ಲೇಪ. ಅದು ಮೂಲೆಯವರೆಗೂ ಚೊಕ್ಕ, ಗಡ್ಡದ ಪ್ರತಿ ಕೂದಲನ್ನೂ ಬಿಡಿಸಿ ತೋರಿಸುತ್ತದೆ. ಹಳೆಯದರಲ್ಲಿ ನಾಲ್ಕೇ ಗಾಜು, ಲೇಪವಿಲ್ಲ. ಬೆಳಕು ಒಳಗೇ ಚೂರು ಚದುರಿ ನೆರಳಿಗೂ ಇಳಿಯುತ್ತದೆ. ಕಣ್ಣು ಸ್ಪಷ್ಟ, ಕೆನ್ನೆಯ ಗೆರೆ ಮೆತ್ತಗೆ. "ಎರಡೂ ಖರೇನ ಅದಾವ್ರಿ," ಎಂದರು ದಾದಾಪೀರ್. "ಆದ್ರ ಮನ್ಯಾಗಿನವ್ರಿಗೆ ಹಳೇದ ಸೇರತೈತಿ."

ಶಿರಹಟ್ಟಿಯಲ್ಲಿ ಬಸ್ಸು ಬದಲಿಸಬೇಕಿತ್ತು. ಗಿರ್ಮಿಟ್ ತಿಂದು, ಹಳೆಯ ಲೆನ್ಸು ಹಾಕಿ ಸ್ಟ್ಯಾಂಡಿನ ಬೇವಿನ ಮರದ್ದೊಂದು ಫೋಟೋ ತೆಗೆದೆ. ಈ ಲೆನ್ಸಿನ ಕೊಳವೆ ಒಳಕ್ಕೆ ಸರಿಯುತ್ತದೆ. ತೆಗೆಯುವ ಮೊದಲು ಹೊರಗೆಳೆದು ತಿರುವಿ ಬಿಗಿಮಾಡಬೇಕು. ಕೆಲಸ ಮುಗಿದ ಮೇಲೆ ಒಳಗೆ ತಳ್ಳಿ ಅಂಗಿಯ ಕಿಸೆಗೆ ಹಾಕಿಕೊಂಡೆ.

ಮುಂಡರಗಿಗೆ ಹೋಗುವಷ್ಟರಲ್ಲಿ ಎರಡೂವರೆ. ಅಕ್ಕನ ಗಂಡ, ನಮ್ಮ ಮಾಮಾ, ಅವಳಿಗೆ ಇಳಕಲ್ಲ ಸೀರೆ ಉಡಿಸಿ, ಬಾಗಿಲ ಬೆಳಕಿಗೆ ದಿಂಬು ಒರಗಿಸಿ ಕೂಡಿಸಿದ್ದರು. ಅಕ್ಕ ಅರ್ಧಕ್ಕರ್ಧ ಇಳಿದಿದ್ದಳು. ದಾದಾಪೀರ್ ಅವರ ಎರಡೂ ಫೋಟೋ ತೋರಿಸಿದೆ. ಹಳೆಯ ಲೆನ್ಸಿನದರ ಮೇಲೆ ಬೆರಳಿಟ್ಟು, "ಇದ್ರಾಗ ತಗಿ. ಅದ್ರಾಗ ಬ್ಯಾಡ," ಎಂದಳು.

ಅಷ್ಟು ಹೇಳಿದರೂ ಮೊದಲು ಹೊಸದನ್ನೇ ಹಾಕಿದೆ. ಒಂದೇ ಮುಖ, ಒಂದೇ ಬೆಳಕು, ಎರಡು ಲೆನ್ಸು: ಹೋಲಿಸಿ ನೋಡುವ ನನ್ನ ದರಿದ್ರ ಚಟ! ಮೂರು ತೆಗೆಯುವುದರೊಳಗೆ ಹೊಟ್ಟೆ ಹಿಂಡಿಬಂದು ಅವಳ ತುಟಿ ಸೊಟ್ಟಾಯಿತು. "ಜಲ್ದಿ ಮುಗಸೋ ತಮ್ಮಾ, ಕುಂಡ್ರಾಕ ಆಗವಲ್ದು."

ಗಡಬಡಿಸಿ ಕಿಸೆಯಿಂದ ಹಳೆಯದನ್ನು ತೆಗೆದು ಹಾಕಿದೆ. ನನ್ನದು ರೀಲಿನ ರೇಂಜ್‌ಫೈಂಡರ್ ಕ್ಯಾಮೆರಾ. ಇದರಲ್ಲಿ ನಾವು ಲೆನ್ಸಿನ ಮೂಲಕ ನೋಡುವುದಿಲ್ಲ, ಮೇಲಿನ ಸಣ್ಣ ಕಿಂಡಿಯಲ್ಲಿ ನೋಡುತ್ತೇವೆ. ಅಲ್ಲಿ ಎರಡಾಗಿ ಕಾಣುವ ಮುಖ ಒಂದಾದರೆ ಫೋಕಸ್ ಆತು. ಒಂದಾಯಿತು. "ಮದುವ್ಯಾಗೂ ಹಿಂಗ ಮಾರಿ ಗಂಟ ಹಾಕ್ಕೊಂಡು ನಿಂತಿದ್ಲು ನೋಡು ನಿಮ್ಮಕ್ಕ," ಎಂದು ಮಾಮಾ ಚ್ಯಾಷ್ಟಿ ಮಾಡಿದರು. ಅಕ್ಕ ನಕ್ಕಳು. ತಿಂಗಳಾಗಿತ್ತಂತೆ ಅವಳು ನಕ್ಕು. ನಾಲ್ಕು ಸಲ ಒತ್ತಿದೆ.

ಸಂಜೆಯ ಬಸ್ಸಿಗೆ ಬೆಟಗೇರಿಗೆ ಮರಳಿ, ಮರುದಿನ ಮುಂಜಾನೆ ರೀಲು ತೊಳೆದೆ. ಅಕ್ಕನ ಮೊದಲ ಮೂರು ಚೊಕ್ಕ ಬಂದಿದ್ದವು: ಕಣ್ಣಿನ ಗುಳಿ, ಕತ್ತಿನ ನರ, ನೋವಿಗೆ ಸೊಟ್ಟಾದ ತುಟಿ, ಎಲ್ಲ. ಕೊನೆಯ ನಾಲ್ಕರಲ್ಲಿ ಬರೀ ಮಬ್ಬು. ಮೂಗು ಯಾವುದು, ಬಾಯಿ ಯಾವುದು ತಿಳಿಯಲಿಲ್ಲ. ಲೆನ್ಸನ್ನು ನಾನು ಹೊರಗೆಳೆದಿರಲೇ ಇಲ್ಲ. ಕಿಂಡಿಯಲ್ಲಿ ಅದು ಕಾಣುವುದಿಲ್ಲ. ಇಷ್ಟು ವರ್ಷ ಕಂಡವರಿಗೆಲ್ಲ ಲೆನ್ಸಿನ ಗುಣ ಹೇಳಿಕೊಂಡು ತಿರುಗಿದವನು! ನನ್ನ ಕೈ ನಾನೇ ಕಡಿದುಹಾಕಬೇಕು ಅನಿಸಿತು.

ಮತ್ತೆ ಹೋಗೋಣವೆಂದು ಹೊಸ ರೀಲು ಹಾಕುತ್ತಿದ್ದಾಗ ಮಾಮಾರ ಫೋನು ಬಂತು. "ನಿಮ್ಮಕ್ಕ ಹೋದ್ಲಪಾ," ಎಂದರು. "ನಿನ್ನಿ ನಕ್ಕಿದ್ಲಲ್ಲ, ಆ ಫೋಟೋ ತಗೊಂಡು ಬಾ."

"ಹ್ಞೂಂ ಮಾಮಾ," ಎಂದುಬಿಟ್ಟೆ.

ಈ ಸಲ ನೇರ ಬಸ್ಸು ಹಿಡಿದೆ. ತೊಡೆಯ ಮೇಲಿನ ಚೀಲದಲ್ಲಿ ಅಕ್ಕ ಬ್ಯಾಡ ಅಂದ ಹೊಸ ಲೆನ್ಸಿನ ಫೋಟೋದ ಪ್ರಿಂಟು ಇತ್ತು. ಮುಂಡರಗಿ ಬಂತು, ಇಳೀರಿ ಎಂದು ಕಂಡಕ್ಟರ್ ಎರಡು ಸಲ ಕೂಗಿದ.