ತರಕಾರಿ ಟ್ರೇಯಲ್ಲಿ ಕೊನೆಯ ಅಧ್ಯಾಯ

ನಮ್ಮ ಭಾವ ಫ್ರಿಜ್ ರಿಪೇರಿ ಮಾಡುವವರು. ಹಾಗಾಗಿ ನಮ್ಮ ಮನೆಯ ಫ್ರಿಜ್ ಕೆಟ್ಟು ವರ್ಷಗಳೇ ಆಗಿವೆ; ಈಗ ಅದರಲ್ಲಿ ಇಸ್ತ್ರಿ ಮಾಡಿದ ಬಟ್ಟೆ ಇಡುತ್ತೇವೆ. ಕೇಳಿದರೆ "ಈ ಭಾನುವಾರ ನೋಡೋಣ" ಎನ್ನುತ್ತಾರೆ. ಯಾವ ಭಾನುವಾರ ಎಂದು ಅವರೂ ಹೇಳಿಲ್ಲ, ನಾವೂ ಕೇಳುವುದನ್ನು ಬಿಟ್ಟಿದ್ದೇವೆ. ಊರಿಗೆಲ್ಲ ತಣ್ಣೀರು ಕುಡಿಸುವ ಈ ಪುಣ್ಯಾತ್ಮನ ಮನೆಯಲ್ಲಿ ನಾವು ಕುಡಿಯುವುದು ಬಿಸಿಲಿಗೆ ಕಾದ ನಲ್ಲಿ ನೀರು.

ಬೇಸಿಗೆ ಬಂದರೆ ಜನರಿಗೆ ರಜೆ, ಭಾವನಿಗೆ ಸುಗ್ಗಿ. ಆದರೂ ತಮ್ಮ ಸುಖದಲ್ಲಿ ಅವರು ಎಳ್ಳಷ್ಟೂ ಕಡಿಮೆ ಮಾಡಿಕೊಂಡವರಲ್ಲ. ಮಧ್ಯಾಹ್ನ ಮನೆಗೆ ಬಂದು ಅಂಗಿ ಬಿಚ್ಚಿ, ಬರೀ ನೆಲದ ಮೇಲೆ ಬೆನ್ನು ಚಾಚಿ, ಹೊಟ್ಟೆಯ ಮೇಲೆ ಒದ್ದೆ ಟವೆಲ್, ತಲೆಯ ಪಕ್ಕ ಒಂದು ಹೋಳು ಕಲ್ಲಂಗಡಿ, ಎದೆಯ ಮೇಲೆ ಪುಸ್ತಕ. ಬೀಜಗಳನ್ನು ಮೂಲೆಯ ಬಕೆಟ್ಟಿಗೆ ಗುರಿಯಿಟ್ಟು ಉಗುಳುತ್ತಾರೆ. ಗುರಿ ತಪ್ಪದಿದ್ದ ದಿನ ನನಗೆ ನೆನಪಿಲ್ಲ. ಸುಖ ಅವರದ್ದು, ಪೊರಕೆ ನಮ್ಮ ಅಕ್ಕನದ್ದು.

ಕೆಲಸದ ನಡುವೆಯೂ ಓದು ನಿಲ್ಲದು. ಫ್ರಿಜ್ಜಿಗೆ ಗ್ಯಾಸ್ ತುಂಬಿದ ಮೇಲೆ ಅದು ತಣ್ಣಗಾಗುತ್ತದೋ ಇಲ್ಲವೋ ಎಂದು ಕಾಯಬೇಕು. ಬೇರೆ ಮೆಕ್ಯಾನಿಕ್‌ಗಳು ಫೋನ್ ಹಿಡಿದು ಕೂರುವ ಆ ಹೊತ್ತಿನಲ್ಲಿ ಭಾವ ಯಾರದೋ ಅಡುಗೆಮನೆಯ ಗೋಡೆಗೆ ಒರಗಿ ಪುಸ್ತಕ ತೆರೆಯುತ್ತಾರೆ. ರಿಪೇರಿಯ ಪುಸ್ತಕವೇ ಇರಬೇಕೆಂದು ಮನೆಯವರು ಸದ್ದಿಲ್ಲದೆ ಓಡಾಡುತ್ತಾರೆ. ಒಬ್ಬರಂತೂ ಬೆನ್ನಿಗೆ ದಿಂಬು ಕೊಟ್ಟಿದ್ದರಂತೆ.

ಅವರು ಓದುತ್ತಿದ್ದದ್ದು ಬೇಸಿಗೆಗೊಂದರಂತೆ ಬಂದ ಹತ್ತು ಭಾಗಗಳ ಒಂದು ಕಥೆ. ಬೆಟ್ಟದ ದಾರಿಯಲ್ಲಿ ಕಾಗದ ಹಂಚುವ ಒಬ್ಬ ಅಂಚೆಯವನು, ಅವನ ಮುದಿ ಕತ್ತೆ. ಅಂಚೆಯವನಿಗೆ ಕಣ್ಣು ಮಂದ, ಪುಕ್ಕಲು ಬೇರೆ. ಇಬ್ಬರ ಪಾಲಿನ ಬುದ್ಧಿಯೂ ಕತ್ತೆಗೇ ಇತ್ತು. ಭಾವ, ಅಕ್ಕ, ಅದೇ ಮನೆಯ ಮಹಡಿಯಲ್ಲಿರುವ ನಾನು, ಮೂವರೂ ಆ ಕತ್ತೆಯ ಮೇಲೆ ಜೀವ ಇಟ್ಟುಕೊಂಡಿದ್ದೆವು. ಅಂಚೆಯವನು ಯಾರನ್ನು ಮದುವೆಯಾದರೆ ನಮಗೇನು?

ತೊಂದರೆ ಇದ್ದದ್ದು ಅಕ್ಕನಲ್ಲಿ. ಅವಳು ಬಸ್ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಕೂರುತ್ತಾಳೆ. ಯಾವ ಬಸ್ಸು ಬರುತ್ತದೆ, ಯಾವುದು ಬರುವುದಿಲ್ಲ ಎಂದು ದಿನವಿಡೀ ಹೇಳಿ ಹೇಳಿ, ಗೊತ್ತಿದ್ದದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಶಕ್ತಿಯನ್ನೇ ಕಳೆದುಕೊಂಡಿದ್ದಾಳೆ. ಜೊತೆಗೆ, ಯಾವ ಪುಸ್ತಕವಾದರೂ ಅವಳು ಮೊದಲು ಓದುವುದು ಕೊನೆಯ ಪುಟ. ಒಂದು ಸಲ ಊಟಕ್ಕೆ ಕೂತಾಗ ಭಾವ ಉಪ್ಪು ಕೇಳಿದರು. ಉಪ್ಪು ಕೊಡುತ್ತಾ ಅಕ್ಕ, "ಪಾಪ, ಆ ಸೇತುವೆ ಕುಸೀಬಾರ್ದಿತ್ತು ಕಣ್ರೀ" ಎಂದಳು. ಭಾವನಿನ್ನೂ ಸೇತುವೆಯ ಹತ್ತಿರಕ್ಕೂ ಹೋಗಿರಲಿಲ್ಲ. ಉಪ್ಪು ಹಾಕಿಕೊಳ್ಳದೆ ಎದ್ದು ಹೋದರು. ಒಂಬತ್ತು ಭಾಗಗಳೂ ಹೀಗೆಯೇ ಮುಗಿದವು.

ಹತ್ತನೆಯದು, ಅಂದರೆ ಕೊನೆಯದು, ಬರುತ್ತದೆ ಎಂದಾಗ ಭಾವ ಹಟ ತೊಟ್ಟರು. ಜೀವನದಲ್ಲಿ ಒಂದು ಸಲವಾದರೂ ಒಂದು ಕಥೆಯ ಕೊನೆಯನ್ನು ತಾವಾಗಿಯೇ ತಲುಪಬೇಕು. ಪುಸ್ತಕ ಕೊಂಡವರೇ ತಮ್ಮ ರಿಪೇರಿ ಅಂಗಡಿಗೆ ಹೋಗಿ, ಅಕ್ಷರ ಕಣ್ಣಿಗೆ ಬೀಳಬಾರದೆಂದು ಕಣ್ಣು ಮುಚ್ಚಿಕೊಂಡು, ಬ್ಲೇಡಿನಿಂದ ಕೊನೆಯ ಅಧ್ಯಾಯವನ್ನು ಕೊಯ್ದು ಬೇರೆ ಮಾಡಿದರು. ಹೆಬ್ಬೆರಳನ್ನೂ ಕೊಯ್ದುಕೊಂಡರು. ನಾನು ಕೆಲಸ ಮಾಡುವ ಔಷಧಿ ಅಂಗಡಿಗೆ ಬಂದು ಪಟ್ಟಿ ಕಟ್ಟಿಸಿಕೊಳ್ಳುವಾಗ ಅವರ ಮುಖದಲ್ಲಿ ಗಡಿ ಕಾದು ಬಂದ ಸೈನಿಕನ ಗತ್ತಿತ್ತು.

ಉಳಿದ ಪುಸ್ತಕ ಮನೆಗೆ ಬಂತು. ಅಕ್ಕ ನೇರ ಕೊನೆಗೆ ಹೋದಳು.

"ರೀ, ಇದ್ರ ಬಾಲ ಎಲ್ಲಿ?"

"ಭದ್ರವಾಗಿದೆ. ಈ ಸಲ ನಾನು ಓದಿದ್ಮೇಲೇ ನಿಂಗೆ."

"ಕತ್ತೆ ಉಳಿಯುತ್ತಾ ಇಲ್ವಾ, ಅಷ್ಟು ಹೇಳಿ ಸಾಕು."

"ನಂಗೇ ಗೊತ್ತಿಲ್ಲ!"

"ಹಂಗಾದ್ರೆ ನಾನು ಓದೋದೇ ಇಲ್ಲ," ಎಂದು ಅಕ್ಕ ಪುಸ್ತಕವನ್ನು ಅವರ ಹೊಟ್ಟೆಯ ಮೇಲಿನ ಒದ್ದೆ ಟವೆಲ್ಲಿನ ಪಕ್ಕಕ್ಕೆ ಕುಕ್ಕಿದಳು. ಮತ್ತೆ ಅದನ್ನು ಮುಟ್ಟಲಿಲ್ಲ.

ಒಂದು ಕತ್ತೆಗಾಗಿ ಇಷ್ಟೊಂದು ರಂಪವೇ ಎಂದು ನಾನು ಅವಳನ್ನು ಆಡಿಕೊಂಡೆ. ಅವಳು ನಗಲಿಲ್ಲ. "ಅಮ್ಮ ಬೆಳಿಗ್ಗೆ ಬಟ್ಟೆ ಒಣಗಿಸ್ತಾ ನಮ್ಮಿಬ್ರನ್ನೂ ಬೈದ್ಲು. ಮಧ್ಯಾಹ್ನ ಇರ್ಲಿಲ್ಲ. ನಿಜವಾಗ್ಲೂ ಆಗೋದನ್ನ ಯಾರೂ ಮೊದ್ಲೇ ಹೇಳಲ್ಲ ಕಣೇ. ಪುಸ್ತಕದಲ್ಲಾದ್ರೂ ಕೇಳ್ಕೊಂಡು ಹೋಗ್ತೀನಿ, ಬಿಡು," ಎಂದಳು.

ಈಗ ಅಡಗಿಸಿಟ್ಟ ಜಾಗದ ವಿಷಯ. ಮನೆಯಲ್ಲಿ ಅಕ್ಕನ ಕೈಗೆ ಸಿಗದ ಮೂಲೆ ಇಲ್ಲ. ಭಾವನ ಅಂಗಡಿಯಲ್ಲಿ ಹೂವಿನಂಗಡಿಯಾಕೆಯ ಫ್ರಿಜ್ ಒಂದು ಕಂಪ್ರೆಸರ್ ಬರುವುದನ್ನೇ ಕಾಯುತ್ತಾ ಸತ್ತು ಬಿದ್ದಿತ್ತು. ಕೊನೆಯ ಅಧ್ಯಾಯವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅದರ ತರಕಾರಿ ಟ್ರೇಯಲ್ಲಿಟ್ಟರು. ಸತ್ತ ಫ್ರಿಜ್ಜಿಗಿಂತ ಭದ್ರವಾದ ತಿಜೋರಿ ಯಾವುದಿದೆ?

ಆದರೆ ಸತ್ತವರನ್ನು ಎಬ್ಬಿಸುವುದೇ ಇವರ ಕಸುಬಲ್ಲವೇ! ಕಂಪ್ರೆಸರ್ ಬಂತು. ಭಾವನ ಕೆಲಸದ ರೀತಿ ಹೇಗೆಂದರೆ, ಫ್ರಿಜ್ಜಿನ ಬೆನ್ನು ಬಿಟ್ಟು ಬೇರೇನನ್ನೂ ನೋಡುವುದಿಲ್ಲ. ಗೋಡೆಯಿಂದ ಎಳೆದು, ಹಿಂದೆ ಕೂತು, ಬೆಸೆದು, ಗ್ಯಾಸ್ ತುಂಬಿ, ಪಕ್ಕದಿಂದ ಕೈ ತೂರಿಸಿ ಮೇಲಿನ ಫ್ರೀಜರ್ ಮುಟ್ಟಿ ನೋಡಿದರೆ ಮುಗಿಯಿತು. ತಣ್ಣಗಾಗುವವರೆಗೆ ಕಾಯುತ್ತಾ ಅದಕ್ಕೇ ಬೆನ್ನು ಒರಗಿಸಿ ಪುಸ್ತಕವನ್ನು ಕೊಯ್ದ ಜಾಗದವರೆಗೂ ಓದಿ ಮುಗಿಸಿದರು. ಕತ್ತೆ ಹಿಮದಲ್ಲಿ ಕಾಲು ಮುರಿದುಕೊಂಡು ಬಿದ್ದಿತ್ತು. ಆ ಗುಂಗಿನಲ್ಲೇ ಇರುವಾಗ ಗಾಡಿಯವನು ಬಂದ; ಭಾವ ತಾವೇ ಒಂದು ಕಡೆ ಹಿಡಿದು ಫ್ರಿಜ್ಜನ್ನು ಗಾಡಿಗೆ ಹತ್ತಿಸಿ, ಹುಷಾರಾಗಿ ಹೋಗಪ್ಪಾ ಎಂದು ಬೀಳ್ಕೊಟ್ಟು, ಕೈ ತೊಳೆದು, ಇನ್ನು ಕೊನೆಯ ಅಧ್ಯಾಯ ಓದೋಣ ಎಂದು ತಿರುಗಿದರು.

ಗೋಡೆಯ ಪಕ್ಕ ಫ್ರಿಜ್ಜಿನ ಆಕಾರದ ಧೂಳು ಮಾತ್ರ ಇತ್ತು.

ಭಾವ ಓಡಿದ್ದನ್ನು ನಾನು ಔಷಧಿ ಅಂಗಡಿಯಿಂದಲೇ ಕಂಡೆ. ಅವರ ಹೊಟ್ಟೆಗೂ ಓಟಕ್ಕೂ ಇರುವ ವೈರ ಇಡೀ ರಸ್ತೆಗೆ ಗೊತ್ತು. ಯಾರಿಗೋ ಏನೋ ಆಗಿದೆ ಎಂದು ಗಾಬರಿಯಾಗಿ ನಾನೂ ಹಿಂದೆ ಓಡಿದೆ. ಫ್ರಿಜ್ಜಿನ ಗಾಡಿ ಆಗಲೇ ಕಣ್ಮರೆಯಾಗಿತ್ತು, ಬಿಸಿಲಲ್ಲಿ ಕಾದ ಬಸ್ಸು ತಡವಾಗಿ ಬಂತು. ನಾವು ಹೂವಿನಂಗಡಿ ಮುಟ್ಟುವ ಹೊತ್ತಿಗೆ ಫ್ರಿಜ್ಜಿನೊಳಗೆ ಗುಲಾಬಿಗಳು ಸಾಲಾಗಿ ಕೂತಿದ್ದವು. ಗಿರಾಕಿಗಳಿಲ್ಲದ ಮಧ್ಯಾಹ್ನ, ಅಂಗಡಿಯಾಕೆ ಸ್ಟೂಲಿನ ಮೇಲೆ ಕೂತು ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು ಓದುತ್ತಿದ್ದಳು.

"ಏನೂ ಹೇಳ್ಬೇಡಿ!" ಎಂದು ಭಾವ ಬಾಗಿಲಲ್ಲೇ ಎರಡೂ ಕಿವಿ ಮುಚ್ಚಿಕೊಂಡು ಕಿರುಚಿದರು.

ಪಾಪ, ಆಕೆ ಏನನ್ನೂ ಹೇಳಲಿಲ್ಲ. ತಲೆಯೆತ್ತಿದಳು, ಅಷ್ಟೇ. ಮೂಗು ಕೆಂಪಗಾಗಿತ್ತು, ಕೆನ್ನೆಯೆಲ್ಲ ಒದ್ದೆ. ಹಿಂದಿನ ಒಂದು ಸಾಲೂ ಓದದ, ಆ ಕತ್ತೆ ಯಾರದ್ದೆಂದೂ ತಿಳಿಯದ ಹೆಂಗಸು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

ಭಾವ ಕಿವಿಯಿಂದ ಕೈ ತೆಗೆದರು. ಇನ್ನು ಮುಚ್ಚಿಕೊಂಡು ಪ್ರಯೋಜನವೇನು?

"ತಪ್ಪಾಯ್ತಣ್ಣಾ, ಟ್ರೇಯಲ್ಲಿತ್ತು. ಸುಮ್ನೆ ಒಂದ್ ಸಾಲು ನೋಡೋಣ ಅಂತ..." ಎಂದು ಆಕೆ ಹಾಳೆಗಳನ್ನು ಜೋಡಿಸಿ ಕೊಟ್ಟಳು. ಭಾವ ಅಲ್ಲೇ ಹೂವಿನ ಬಕೆಟ್ಟುಗಳ ನಡುವೆ ಕೂತು ಓದಿದರು. ಕೊನೆ ಗೊತ್ತಾದರೆ ಓದಿನ ಸ್ವಾರಸ್ಯವೇ ಹೋಯಿತು ಎಂದು ವರ್ಷಗಟ್ಟಲೆ ನಮ್ಮ ತಲೆ ತಿಂದ ಮನುಷ್ಯ, ಕೊನೆ ಗೊತ್ತಿದ್ದೂ ಕೂಸಿನ ಹಾಗೆ ಅತ್ತರು. ಹೂವಿನಂಗಡಿಯಾಕೆ ಅವರನ್ನು ನೋಡಿ ಇನ್ನೊಂದು ಸುತ್ತು ಅತ್ತಳು. ನಾನು ಗಟ್ಟಿಗಿತ್ತಿ, ಗುಲಾಬಿಗಳ ಕಡೆ ನೋಡುತ್ತಾ ನಿಂತೆ. ಗುಲಾಬಿಗಳೂ ಸರಿಯಾಗಿ ಕಾಣುತ್ತಿರಲಿಲ್ಲ.

ಮನೆಗೆ ಬಂದಾಗ ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಭಾವನ ಕೈಯಲ್ಲಿನ ಹಾಳೆಗಳನ್ನು ನೋಡಿದಳು, ಮುಟ್ಟಲಿಲ್ಲ.

"ಕತ್ತೆ ಇದೆಯಾ?"

ಒಂಬತ್ತು ಭಾಗಗಳ ಸೇಡು ಭಾವನ ನಾಲಿಗೆಯ ತುದಿಯಲ್ಲಿತ್ತು. ಒಂದೇ ಮಾತು ಸಾಕಿತ್ತು. ಅವರು ಅಕ್ಕನ ಮುಖ ನೋಡಿದರು.

"ಇದೆ," ಎಂದರು. "ಆರಾಮಾಗಿದೆ."

ಮರುದಿನ ನನ್ನ ಅಂಗಡಿಗೆ ತಲೆನೋವಿನ ಮಾತ್ರೆಗೆ ಬಂದರು. "ಬಾಯಿಗೆ ಬಂದ್ಬಿಡ್ತು ಕಣಮ್ಮಾ. ಈಗೇನ್ ಮಾಡ್ಲಿ?"

"ಕತ್ತೆ ಸತ್ತಿರೋದು ಅಚ್ಚಾಗಿದೆ ಭಾವ. ನೀವು ಹೇಳಿದ್ರೆ ಎದ್ದು ನಿಲ್ಲೋದಕ್ಕೆ ಅದೇನು ಫ್ರಿಜ್ಜಾ?" ಎಂದೆ. ಮಾತ್ರೆ ಎರಡು ಕೊಟ್ಟೆ.

ಅತ್ತ ಅಕ್ಕ ಮೊದಲ ಪುಟದಿಂದ ಓದಲು ಕೂತಳು. ಅಂಥದ್ದನ್ನು ನಾವು ಕಂಡಿರಲೇ ಇಲ್ಲ. ಕಿಟಕಿಗೆ ಒದ್ದೆ ಸೀರೆ ಕಟ್ಟಿ, ಪಾದಗಳನ್ನು ನೀರಿನ ಬೋಗುಣಿಯಲ್ಲಿಟ್ಟು, ಕಲ್ಲಂಗಡಿ ಕಚ್ಚುತ್ತಾ ಬೇಸಿಗೆಯ ಉಳಿದ ಮಧ್ಯಾಹ್ನಗಳನ್ನೆಲ್ಲ ಅದರಲ್ಲೇ ಕಳೆದಳು. ಕತ್ತೆಯ ತಂಟೆಗಳಿಗೆ ಗಟ್ಟಿಯಾಗಿ ನಕ್ಕಳು. ಕತ್ತೆ ಹಿಮದಲ್ಲಿ ಬಿದ್ದಾಗಲೂ, "ಅಯ್ಯೋ ಮುಂಡೇದೇ, ಏಳು, ನಿಂಗೇನೂ ಆಗಲ್ಲ," ಎಂದು ಪುಸ್ತಕಕ್ಕೇ ಧೈರ್ಯ ಹೇಳಿದಳು. ಅಡುಗೆಮನೆಯಲ್ಲಿದ್ದ ಭಾವ ಅದನ್ನು ಕೇಳಿ ಹಿಂಬಾಗಿಲಿನಿಂದ ಅಂಗಡಿಗೆ ಹೊರಟೇಬಿಟ್ಟರು.

ಅವಳು ಕೊನೆಯ ಹಾಳೆಗಳನ್ನು ಕೈಗೆತ್ತಿಕೊಂಡ ದಿನ ಭಾವ ಕೆಲಸಕ್ಕೆ ಹೋಗಲಿಲ್ಲ. ನೆಲದ ಮೇಲೆ ಮಲಗಿ ಕಣ್ಣು ಮುಚ್ಚಿ, ಇಲ್ಲದ ನಿದ್ದೆಗೆ ಗೊರಕೆ ಹೊಡೆದರು. ಅಕ್ಕ ಓದಿದಳು. ನಗು ನಿಂತಿತು. ಬಹಳ ಹೊತ್ತು ಒಂದೇ ಹಾಳೆ ಹಿಡಿದು ಕೂತಿದ್ದಳು. ಆಮೇಲೆ ಎಲ್ಲವನ್ನೂ ಪುಸ್ತಕದೊಳಗೆ ಸೇರಿಸಿ, ಸೆರಗಿನಿಂದ ಮುಖ ಒರೆಸಿ ನನಗೆ ಕೊಟ್ಟಳು.

"ತಗೋ, ನೀನೂ ಓದು."

ಸುಮ್ಮನಿದ್ದರೆ ಆಗುತ್ತಿತ್ತು. ನನ್ನ ನಾಲಿಗೆಗೆ ಅಂಥ ಅಭ್ಯಾಸವಿಲ್ಲ. ಗೊತ್ತಿದ್ದೂ, "ಕತ್ತೆ?" ಎಂದೆ.

ಗೊರಕೆ ನಿಂತಿತು.

ಅಕ್ಕ ನೆಲದ ಮೇಲೆ ಬಿಗಿಯಾಗಿ ಕಣ್ಣು ಮುಚ್ಚಿ ಮಲಗಿದ್ದ ಗಂಡನನ್ನು ನೋಡಿದಳು.

"ಇದೆ," ಎಂದಳು. "ನಿಮ್ ಭಾವ ಹೇಳಿಲ್ವಾ?"