ಡಿಂಪ್ನಾ ವಾಲ್ವ್ ಆರಿಸಿದ್ದು

ಡನಿಗಾಲ್ ಸೀಮೆಯ ಬ್ಯಾಲಿಬೊಫೇ ಊರಿನಲ್ಲಿ ಡಿಂಪ್ನಾ ಮೆಗಿನ್ಲಿಯನ್ನು ಅರಿಯದವರಿಲ್ಲ. ಊರಿನ ಅರ್ಧ ಜನ ಅವಳು ಓಡಿಸುವ ಬಸ್ಸಿನಲ್ಲೇ ಶಾಲೆಗೆ ಹೋಗಿ ದೊಡ್ಡವರಾದವರು. ವಾರವೆಲ್ಲ ಬಸ್ಸು, ಭಾನುವಾರ ಮೋಟಾರ್ ಸೈಕಲ್ಲು. ಆಸ್ಪತ್ರೆಗಳಿಗೆ ರಕ್ತವನ್ನೂ, ದಿನ ತುಂಬದೆ ಹುಟ್ಟಿದ ಕೂಸುಗಳಿಗೆ ಬೇರೆ ತಾಯಂದಿರು ಕೊಟ್ಟ ಹಾಲನ್ನೂ ಪುಕ್ಕಟೆಯಾಗಿ ಮುಟ್ಟಿಸುವ ಸವಾರರ ಗುಂಪಿನಲ್ಲಿ ಅವಳೇ ಹಿರಿಯಳು. ಗಾಡಿ ಕಲಿತದ್ದು ಐವತ್ತು ದಾಟಿದ ಮೇಲೆ.

ಒಂದು ವಸಂತದಲ್ಲಿ ಗುಂಪಿನವರು ಎಲ್ಲರಿಗೂ ಟೈರಿನ ಗಾಳಿ ಅಳೆಯುವ ಸೆನ್ಸರ್ ಹಂಚಿದರು. ವಾಲ್ವಿನ ತುದಿಗೆ ಟೋಪಿಯ ಹಾಗೆ ತಿರುಗಿಸಿ ಕೂರಿಸುವಂಥದ್ದು. ಗಾಳಿ ಇಳಿದರೆ ಹ್ಯಾಂಡಲ್ ಮೇಲೆ ಕೆಂಪು ದೀಪ ಹತ್ತುತ್ತದೆ. ಡಿಂಪ್ನಾ ತನ್ನ ತಮ್ಮ ಯೂನನ್‌ನ ಗ್ಯಾರೇಜಿಗೆ ಹೋಗಿ ಹಳೆಯ ರಬ್ಬರ್ ವಾಲ್ವಿಗೇ ಅದನ್ನು ಸಿಕ್ಕಿಸತೊಡಗಿದಳು.

"ತೆಗಿ, ತೆಗಿ. ರಬ್ಬರ್ ತಡಿಯಲ್ಲ ಅದನ್ನ," ಎಂದ ಯೂನನ್.

"ಯಾಕೋ? ನನ್ ಕೋಟಿನ ಗುಂಡಿಯಷ್ಟಿದೆ."

"ನಿಂತಾಗ ಗುಂಡಿ. ಓಡೋವಾಗ ಅದರ ಗತ್ತೇ ಬೇರೆ."

"ಬಂದ್ರಪ್ಪ ಪಾದ್ರಿಗಳು, ಉಪದೇಶ ಶುರು!"

ಯೂನನ್ ಮುಂಚಕ್ರ ಬಿಚ್ಚಿ ಸ್ಟ್ಯಾಂಡಿಗೇರಿಸಿ, ಮುಂದೆ ಜಾಲರಿ ಅಡ್ಡವಿಟ್ಟು, ಮೋಟಾರಿನಿಂದ ತಿರುಗಿಸಿದ. ಬಾಗಿಲು ಮುಚ್ಚಿ, ಇಂಜಿನ್ ಪರೀಕ್ಷಿಸುವ ಮಿನುಗುದೀಪವನ್ನು ಚಕ್ರದ ಸುತ್ತಿಗೊಮ್ಮೆ ಮಿನುಗುವಂತೆ ಹೊಂದಿಸಿ ಹಿಡಿದ.

ಚಕ್ರ ಹುಯ್ಯೆಂದು ಸುತ್ತುತ್ತಿತ್ತು. ಅದರ ಗಾಳಿ ಡಿಂಪ್ನಾಳ ಮುಖಕ್ಕೆ ಬಡಿಯುತ್ತಿತ್ತು. ಆದರೂ ದೀಪ ಮಿನುಗತೊಡಗಿದ್ದೇ ತಡ, ಕಣ್ಣೆದುರಿಗೆ ಅದು ನಿಂತೇಬಿಟ್ಟಿತು! ಟೈರಿನ ಗೆರೆಗಳೆಲ್ಲ ನಿಚ್ಚಳ. ಹಾಗೆ ನಿಂತ ಚಕ್ರದಲ್ಲಿ ರಬ್ಬರ್ ವಾಲ್ವ್ ಮಾತ್ರ ನೆಟ್ಟಗಿರಲಿಲ್ಲ. ಕಾಣದ ಕೈಯೊಂದು ಸೆನ್ಸರನ್ನು ಹಿಡಿದು ಹೊರಕ್ಕೆ ಜಗ್ಗುತ್ತಿರುವಂತೆ, ಬುಡದಲ್ಲೇ ಬಗ್ಗಿ ರಿಮ್ಮಿನ ಮೇಲೆ ಒರಗಿತ್ತು.

"ಈ ವೇಗದಲ್ಲಿ ನಿನ್ ಗುಂಡಿ ಎರಡು ಕಿಲೋ ಎಳೆಯುತ್ತೆ," ಎಂದ ಯೂನನ್ ಮೆಲ್ಲಗೆ. "ಸಕ್ಕರೆ ಚೀಲ ನೇತುಹಾಕ್ದಂಗೆ. ಬಗ್ಗಿ ಬಗ್ಗಿ ಒಂದಿನ ಬುಡ ಸೀಳುತ್ತೆ."

ಡಿಂಪ್ನಾ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ಇಷ್ಟು ವರ್ಷ ತಾನು ಕೂತು ಓಡಾಡಿದ್ದು ಎಂಥ ಶಕ್ತಿಯ ಮೇಲೆ!

"ಇನ್ನೊಂದ್ಸಲ ತೋರ್ಸೋ," ಎಂದಳು.

ಆಮೇಲೆ ಇಬ್ಬರೂ ಲೋಹದ ವಾಲ್ವ್ ಹುಡುಕಲು ಕೂತರು. ರಿಮ್ಮಿನ ತೂತಿಗೆ ಸರಿಹೊಂದಬೇಕು, ನಟ್ಟು ಬಿಗಿದು ಕೂರಬೇಕು. ನೇರವಾದದ್ದಕ್ಕೆ ಸೆನ್ಸರ್ ಹಾಕಲು ಹೋದರೆ ಜಾಗ ಸಾಲದೆ ಬೆರಳು ಹೋಗಲಿಲ್ಲ. ಪೂರ್ತಿ ಅಡ್ಡ ಬಾಗಿದ್ದನ್ನು ಹಾಕಿ ಚಕ್ರವನ್ನು ಗಾಡಿಗೆ ಕೂರಿಸಿ ಕೈಯಿಂದ ತಿರುಗಿಸಿದರೆ ಸೆನ್ಸರ್ ಬ್ರೇಕಿಗೆ ಟಕ್ಕೆಂದು ತಾಗಿತು. ಸ್ವಲ್ಪವೇ ಓರೆಯಾದ ಇನ್ನೊಂದು, ಬ್ರೇಕಿಗೆ ತಾಗದೆ ಬೆರಳಗಲ ದೂರದಲ್ಲೇ ಸುತ್ತಿತು. ಅದನ್ನೇ ಆರಿಸಿದರು. ಯೂನನ್ ಸೆನ್ಸರಿನ ಭಾರಕ್ಕೆ ತಕ್ಕಂತೆ ಚಕ್ರದ ತೂಕ ಸರಿದೂಗಿಸಿದ. ಡಿಂಪ್ನಾ ಮತ್ತೆ ದೀಪ ಹಿಡಿಸಿ ನೋಡಿದಳು. ಲೋಹದ್ದು ಕದಲಿರಲಿಲ್ಲ.

ಬೇಸಿಗೆಯ ಒಂದು ಭಾನುವಾರ ಹೆಪ್ಪುಗಟ್ಟಿಸಿದ ಹಾಲಿನ ಪೆಟ್ಟಿಗೆ ಹೊತ್ತು ಬಾರ್ನ್ಸ್‌ಮೋರ್ ಕಣಿವೆಯ ದಾರಿ ಏರುತ್ತಿದ್ದಾಗ ಕೆಂಪು ದೀಪ ಹತ್ತಿತು. ಗಾಡಿ ಇನ್ನೂ ಓಲಾಡಿರಲಿಲ್ಲ, ಕೈಗೆ ಏನೂ ತಿಳಿದಿರಲಿಲ್ಲ. ಡಿಂಪ್ನಾ ಮೆಲ್ಲಗೆ ಬದಿಗೆ ನಿಲ್ಲಿಸಿ ಮಂಡಿಯೂರಿದಳು. ಮುಂದಿನ ಟೈರಿನಲ್ಲಿ ಮೊಳೆ. ವಾಲ್ವ್ ಗಟ್ಟಿಯಾಗಿ ಕೂತಿತ್ತು. ಮೊಳೆ ಕಿತ್ತು, ತೂತಿಗೆ ರಬ್ಬರ್ ಎಳೆ ತುರುಕಿ, ಗಾಳಿ ತುಂಬಿ, ನಿಧಾನವಾಗಿ ಆಸ್ಪತ್ರೆ ಮುಟ್ಟಿದಳು. ಹಾಲು ಕರಗಿರಲಿಲ್ಲ.

"ತಡ ಆಯ್ತಮ್ಮ, ಮೊಳೆ ಹೊಕ್ಕಿತ್ತು," ಎಂದಳು.

ಪೆಟ್ಟಿಗೆ ಇಸಿದುಕೊಂಡ ನರ್ಸು ಅವಳ ಮಸಿ ಹಿಡಿದ ಕೈ ನೋಡಿದಳು. "ಕೈ ತೊಳ್ಕೊಂಡು ಬನ್ನಿ, ಯಾರಿಗೆ ತಂದಿದ್ದೀರೋ ನೋಡೋರಂತೆ."

ಗಾಜಿನಾಚೆ ಒಂದು ಹೆಣ್ಣುಕೂಸು, ಅಂಗೈಯಗಲದ ಎದೆ, ಉಸಿರಿಗೊಮ್ಮೆ ಏರುತ್ತ ಇಳಿಯುತ್ತ ಮಲಗಿತ್ತು. ಡಿಂಪ್ನಾ ಹೆಲ್ಮೆಟ್ಟನ್ನು ಎದೆಗವಚಿಕೊಂಡು, ತನ್ನ ಉಸಿರು ಬಿಗಿಹಿಡಿದು ನೋಡುತ್ತಲೇ ನಿಂತಳು.